ನಿನ್ನ ಸೀಸೆಯಲ್ಲಿರುವ ನನ್ನ ಪಿತ್ತ

ಭಾನುವಾರ, ಮಧ್ಯಾಹ್ನ

ಪ್ರಯೋಗಾಲಯ ಬಿಟ್ಟರೆ ಲೋಕವೇ ಇಲ್ಲದ ನನ್ನ ಮಗಳಿಗೆ,

ಆಶೀರ್ವಾದ. ಸಿಟ್ಟಿನಲ್ಲೇ ಮಾಡಿದ್ದೇನೆ, ಆದರೂ ಫಲಿಸುತ್ತದೆ, ಇಟ್ಟುಕೋ.

ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಅದಕ್ಕೇ ಬರೆದು ನಿನ್ನ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಪಿತ್ತಕೋಶ ತೆಗೆಸಿಕೊಂಡು ನಾನು ಕಣ್ಣು ಬಿಟ್ಟಾಗ ನೀನು ಮಂಚದ ಪಕ್ಕ ಇರಲಿಲ್ಲ. ಆಪರೇಷನ್ ಕೋಣೆಯ ಬಾಗಿಲಲ್ಲಿ ಐಸ್ ಡಬ್ಬ ಹಿಡಿದು ನಿಂತಿದ್ದೆಯಂತೆ. ಡಾಕ್ಟರು ಹೊರಗೆ ಬಂದ ಕೂಡಲೇ ಪಿತ್ತರಸ ಎಷ್ಟು ಸಿಕ್ಕಿತು ಎಂದು ಕೇಳಿದೆಯಂತೆ. ಅಮ್ಮ ಹೇಗಿದ್ದಾಳೆ ಎಂದು ಕೇಳಿದವನು ನಿನ್ನ ಅಣ್ಣ. ನರ್ಸಮ್ಮ ನಿನ್ನ ಶ್ರದ್ಧೆಯನ್ನು ಮೆಚ್ಚಿಕೊಂಡೇ ಇದನ್ನೆಲ್ಲ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ನಾನೇ, ಇಲ್ಲ ಎನ್ನುವುದಿಲ್ಲ. ಪಿತ್ತಕೋಶದಲ್ಲಿ ಕಲ್ಲು ಬಂದವರ ರಕ್ತ, ಪಿತ್ತ ಎರಡೂ ನಿನ್ನ ಸಂಶೋಧನೆಗೆ ಬೇಕಿತ್ತು, ಕೊಟ್ಟೆ. ಆದರೆ ನೀನು ನೋಡಲು ಬಂದವಳು ನನ್ನ ಹಣೆಯನ್ನಾದರೂ ಮುಟ್ಟಿದೆಯಾ? ನಿಂತ ನಿಲುವಿನಲ್ಲೇ ಫಲಿತಾಂಶ ಒಪ್ಪಿಸಿದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಸರಿಯಾಗಿಯೇ ಇದೆಯಂತೆ, ಪಿತ್ತರಸದಲ್ಲಿ ಮಾತ್ರ ಕರಗದಷ್ಟು ತುಂಬಿಕೊಂಡು ಕಲ್ಲು ಕಟ್ಟಿದೆಯಂತೆ. ಅಮ್ಮಾ, ನಿನ್ನ ರಕ್ತ ಬಲು ಸಾಧು, ಪಿತ್ತವೇ ಖದೀಮ ಅಂತ ನೀನು ನಕ್ಕೆ. ಹೊಲಿಗೆ ಎಳೆಯುತ್ತಿದ್ದರೂ ನಾನೂ ನಕ್ಕೆ.

ಆಮೇಲೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೆಯಾ ಎಂದು ನೀನು ಕೇಳಿದೆ. ಅಬ್ಬಾ, ಕೊನೆಗೂ ಕೇಳಿದಳಲ್ಲ ಎಂದು ಹಿಗ್ಗಿ ತಲೆಯೆತ್ತಿದರೆ, ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದೀಯ! ನನ್ನಂತೆ ಟಿಕೆಟ್ ಕೌಂಟರಿನಲ್ಲಿ ಕೂತವಳಿಗೆ ಕಿಟಕಿ ಮುಂದಿನ ಸಾಲು ಖಾಲಿಯಾದ ಮೇಲೆಯೇ ಊಟ ಎಂದು ನಿನಗೆ ಗೊತ್ತಿಲ್ಲವೇ? ಹೊಟ್ಟೆ ಉರಿದು, ದಿನಾ ಸರಿಯಾದ ಹೊತ್ತಿಗೇ ತಿನ್ನುತ್ತಿದ್ದೆ ಎಂದು ಸುಳ್ಳು ಹೇಳಿದೆ. ನೀನು ಅದನ್ನೇ ಬರೆದುಕೊಂಡು ಹೋದೆ. ತಿದ್ದಿಕೋ.

ಮುದುಕಿಗೆ ಪಿತ್ತ ನೆತ್ತಿಗೇರಿದೆ ಎಂದುಕೋ, ಪರವಾಗಿಲ್ಲ. ನನ್ನೊಳಗಿನದನ್ನು ನಿನ್ನ ಫ್ರಿಜ್ಜಿನಲ್ಲಿ ಜೋಪಾನವಾಗಿ ಇಟ್ಟಿದ್ದೀಯ. ನಾನು ಇಲ್ಲಿ ಮನೆಯಲ್ಲಿ ಗೋಡೆ ನೋಡಿಕೊಂಡು ಬಿದ್ದಿದ್ದೇನೆ. ಇನ್ನು ಮೇಲೆ ನಿನಗೆ ಒಂದು ತೊಟ್ಟು ರಕ್ತವನ್ನೂ ಕೊಡುವುದಿಲ್ಲ, ತಿಳಿದುಕೋ.

ಇಂತಿ,
ನಿನ್ನ ಸೀಸೆಯ ಮೇಲೆ ಬರೀ ನಂಬರಾಗಿರುವ
ಅಮ್ಮ

ತಾ.ಕ.: ಮೊನ್ನೆಯಿಂದ ಮೈಯೆಲ್ಲ ತುರಿಕೆ, ಮೂತ್ರ ಕಡುಗಂದು. ಬೆಳಿಗ್ಗೆ ಕನ್ನಡಿ ನೋಡಿಕೊಂಡರೆ ಕಣ್ಣಿನ ಬಿಳಿಯೆಲ್ಲ ಹಳದಿ. ಒಂದು ಕಲ್ಲು ಉಳಿದು ಪಿತ್ತನಾಳ ಕಟ್ಟಿದರೂ ಪಿತ್ತ ರಕ್ತಕ್ಕೆ ಏರುತ್ತದೆ ಎಂದು ನೀನೇ ಹೇಳಿದ್ದೆ. ನಿನ್ನ ಅಣ್ಣನಿಗೆ ಹೇಳಿಲ್ಲ, ಗಾಬರಿ ಬೀಳುತ್ತಾನೆ. ಇದನ್ನು ಓದಿದ ಕೂಡಲೇ ಹೊರಟು ಬಾ. ಭಯವಾಗುತ್ತಿದೆ ಕಣೇ. ರಕ್ತ ಬೇಕಾದರೆ ತೆಗೆದುಕೋ, ಮೊದಲು ಹಣೆ ಮುಟ್ಟಿ ನೋಡು.