ಸೊಟ್ಟ ಗೋಡೆ

ಶನಿವಾರ, ೧೮

ಭಾವನ ನಗು ಇನ್ನೂ ಕಿವಿ ಕೊರೆಯುತ್ತಿದೆ.

ಇವತ್ತು ಅವನ ಮನೆಯಲ್ಲಿ ಸೇದಿದ ಗಾಂಜಾ ಬೇರೆಯದೇನಲ್ಲ, ಅಂಗಡಿಯ ಮಹಡಿಯಲ್ಲಿ ನಾನೂ ಗಾಜು ಕತ್ತರಿಸುವ ಮೋಟನೂ ಸೇದುವ ಅದೇ ಪೊಟ್ಟಣದ್ದು. ಭಾವ ಕೇಳಿದನೆಂದು ನಾನೇ ಒಯ್ದೆ, ಮುಠ್ಠಾಳ. ದಿನವಿಡೀ ಫೋಟೋಗೆ ಫ್ರೇಮ್ ಹಾಕುವವನು ನಾನು. ಸೊಟ್ಟಗಿದ್ದದ್ದು ಕಂಡರೆ ಕೈ ತುರಿಸುತ್ತದೆ. ಮಹಡಿಯಲ್ಲಾದರೆ ನಾನು ಸರಿಮಾಡಲು ಎದ್ದ ಕೂಡಲೇ ಮೋಟ, "ಗೋಡೆನೇ ಸೊಟ್ಟ ಕಣೋ, ಕೂತ್ಕೋ" ಅನ್ನುತ್ತಾನೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ.

ಇವತ್ತು ಭಾವನ ಸೋಫಾದಲ್ಲಿ, ಅವನ ಆಫೀಸಿನವರ ನಡುವೆ, ಎರಡೇ ದಮ್ಮಿಗೆ ಬಾಯಿ ಒಣಗಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ತಡೆಯಲಾರದೆ ಎದ್ದು ಗೋಡೆಯ ಫೋಟೋ ಒಂದನ್ನು ನೆಟ್ಟಗೆ ಮಾಡಿದೆ.

"ನೋಡ್ರಪ್ಪಾ, ನಮ್ಮ ಬಾಮೈದ ಇಲ್ಲೂ ಡ್ಯೂಟಿ ಶುರು ಮಾಡ್ದ" ಎಂದ ಭಾವ, ಪಕ್ಕದ್ದನ್ನು ಬೆರಳಿನಿಂದ ಓರೆ ಮಾಡಿದ. ಸರಿಮಾಡಿದೆ. ಇನ್ನೊಬ್ಬ ಮತ್ತೊಂದನ್ನು ಓರೆ ಮಾಡಿದ. ಅದನ್ನೂ ಸರಿಮಾಡಿದೆ. ಗೊತ್ತಿದ್ದೂ ಕೈ ನಿಲ್ಲಲಿಲ್ಲ, ಥೂ! ಮಂಗನ ಹಾಗೆ ಕುಣಿಸಿದರು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಅಡುಗೆಮನೆಯಿಂದ ಅಕ್ಕ ಬಂದಳು. ಸದ್ಯ, ಬಿಡಿಸುತ್ತಾಳೆ ಅಂದುಕೊಂಡೆ. ಅವಳ ಮದುವೆ ಫೋಟೋ, ನಾನೇ ಫ್ರೇಮ್ ಹಾಕಿ ಕೊಟ್ಟದ್ದು. ಅದನ್ನು ಅವಳೇ ಓರೆ ಮಾಡಿ, ನನ್ನ ಕಡೆ ನೋಡಿದಳು.