ಹೊಸ ಊರಿನ ನಕ್ಷೆ

ಮುತ್ತಲಗಟ್ಟಿ (ಹೊಸ ಊರು)
ತಾ. ಸವದತ್ತಿ
೧೨ ನವೆಂಬರ್ ೧೯೭೫

ಪ್ರೀತಿಯ ತಮ್ಮ ವೀರಪ್ಪನಿಗೆ, ನಿನ್ನ ಅಣ್ಣ ನಿಜಗುಣಪ್ಪನ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅತ್ತಿಗೆಯೂ ಆರೋಗ್ಯವಾಗಿದ್ದೇವೆ. ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಯ ಧೂಳು ಎದೆಗೆ ಇಳಿದಿದೆ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದ್ದಾಗಿ ದೀಪಾವಳಿಯ ಕಾರ್ಡಿನಲ್ಲಿ ಒಂದೇ ಸಾಲು ಬರೆದಿದ್ದೀ. ಅಂಥ ಸುದ್ದಿಯನ್ನು ಒಂದೇ ಸಾಲಿನಲ್ಲಿ ಬರೆದರೆ ಓದಿದವರು ಏನು ತಿಳಿಯಬೇಕು? ನಿನ್ನ ಅತ್ತಿಗೆ ಸಾವಿತ್ರೆವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸೊಲ್ಲಾಪುರದ ಕಡೆಗೆ ಹೊರಟವರು ಯಾರಾದರೂ ಸಿಕ್ಕರೆ ಜೇನುತುಪ್ಪ ಕಳಿಸಬೇಕೆಂದು ಬಾಟಲಿಯಲ್ಲಿ ತುಂಬಿಟ್ಟು ಕಾಯುತ್ತಿದ್ದಾಳೆ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ಸಾಲು ಸೊಟ್ಟಗಾದರೆ ನಗಬೇಡ.

ಅದೇ ಕಾರ್ಡಿನ ಕೊನೆಯಲ್ಲಿ ನೀನು ಲಗಮಣ್ಣನ ಬಗ್ಗೆ ಕೇಳಿದ್ದೆ. ಹೇಗಿದ್ದಾನೆ, ಹೊಸ ಊರಿನಲ್ಲಿ ಅವನ ಮನೆ ಎಲ್ಲಿ ಬಂತು ಎಂದು. ಅದಕ್ಕೆ ಮೂರು ಸಲ ಉತ್ತರ ಬರೆದು ಮೂರು ಸಲವೂ ಹರಿದುಹಾಕಿದೆ. ಲಗಮಣ್ಣನ ಮನೆ ಹೊಸ ಊರಿನಲ್ಲಿ ಇಲ್ಲ. ಅದಕ್ಕೆ ಕಾರಣ ನಾನು.

ನೀನು ಬಿಟ್ಟುಹೋದ ಊರು ಈಗ ನವಿಲುತೀರ್ಥದ ಕಟ್ಟೆಯ ಹಿನ್ನೀರಿನೊಳಗಿದೆ. ಹೂಲಿಯವರು ಮೆಣಸಿನಕಾಯಿ ಚೀಲ ಇಳಿಸುತ್ತಿದ್ದ ಮಂಗಳವಾರದ ಸಂತೆ, ಬೈಲಹೊಂಗಲದ ಪೇಟೆಗೆ ಹೊರಟ ಹತ್ತಿಯ ಚಕ್ಕಡಿಗಳು ಸಾಲುಗಟ್ಟುತ್ತಿದ್ದ ಅಗಸಿ ಬಾಗಿಲು, ನಾನು ಪೇಪರ್ ಓದಿ ಹೇಳುತ್ತಿದ್ದ ಚಾವಡಿ, ಎಲ್ಲವೂ. ಚಾವಡಿಯ ಮುಂದಿನ ಬೇವಿನ ಗಿಡ ನಿನಗೆ ನೆನಪಿರಬೇಕು. ಲಗಮಣ್ಣನ ಓಣಿಯ ಹಿರಿಯರು ಒಳಗೆ ಬರುವಂತಿರಲಿಲ್ಲ, ಅದರ ಕೆಳಗೇ ಕೂತು ಕೇಳುತ್ತಿದ್ದರು. ಅವರಿಗೂ ಕೇಳಲಿ ಎಂದು ನಾನು ದನಿ ಎತ್ತರಿಸಿ ಓದುತ್ತಿದ್ದೆ. ಅದನ್ನೇ ದೊಡ್ಡ ಉಪಕಾರವೆಂದು ತಿಳಿದುಕೊಂಡಿದ್ದೆ.

ನೀನು ಹೊರಟುಹೋದ ವರ್ಷದ ಮಾತನ್ನು ನಾವಿಬ್ಬರೂ ಎಂದೂ ಎತ್ತಿಲ್ಲ. ಗರಡಿಮನೆಯೊಳಗೆ ಲಗಮಣ್ಣನನ್ನು ಬಿಡುವುದಿಲ್ಲ ಎಂದದ್ದಕ್ಕೆ ನೀನು ಹೊಳೆಯ ಉಸುಕಿನಲ್ಲಿ ಅವನ ಜೊತೆ ಕುಸ್ತಿ ಹಿಡಿದೆ. ಹಿರಿಯರು ಕರೆಸಿದಾಗ ನಿನ್ನನ್ನು ಒಂದು ಮಾತು ಕೇಳದೆ ನಾನೇ ಹೋಗಿ ಕೈಮುಗಿದು, “ನಮ್ಮ ತಮ್ಮ ಇನ್ನ ಹಂಗ ಮಾಡಂಗಿಲ್ರಿ” ಅಂದುಬಂದೆ. ಮೂರನೆಯ ದಿನ ನೀನು ಊರಲ್ಲಿ ಇರಲಿಲ್ಲ. ಇಪ್ಪತ್ತೊಂದು ವರ್ಷವಾಯಿತು.

ಊರು ಮುಳುಗುವುದು ಖಾತ್ರಿಯಾದ ಮೇಲೆ ಸರಕಾರದಿಂದ ಒಬ್ಬ ಇಂಜಿನಿಯರ್ ಬಂದ. ಚಿಕ್ಕ ವಯಸ್ಸಿನವನು, ಒಳ್ಳೆಯವನು. ದಿನ್ನೆಯ ಮೇಲಿನ ಖಾಲಿ ನೆಲ ತೋರಿಸಿ, “ಚೀಟಿ ಎತ್ತಿದ್ರ ಯಾರದೂ ತಕರಾರ ಇರೂದಿಲ್ರಿ. ಬ್ಯಾಡಂದ್ರ ನೀವ ಐದು ಮಂದಿ ಪಂಚರು ಕೂತು ಯಾರ ಮನಿ ಎಲ್ಲಿ ಅಂತ ನಕ್ಷೆ ಮಾಡಿ ಕೊಡ್ರಿ” ಅಂದ. ಆ ಐವರಲ್ಲಿ ನಾನೊಬ್ಬ. ಮರುದಿನ ಬೆಳಿಗ್ಗೆ ಲಗಮಣ್ಣ ನಮ್ಮ ಅಂಗಳಕ್ಕೆ ಬಂದ. ಅಷ್ಟೊತ್ತಿಗೆ ಅವನು ಸುತ್ತಲಿನ ಹತ್ತೂರಿಗೆ ಹೆಸರಾದ ಗೌಂಡಿ. ಅರ್ಧ ಊರಿನ ಗೋಡೆ ಅವನದೇ ಕೆಲಸ. ನಿಂತುಕೊಂಡೇ ಹೇಳಿದ: “ಮಾಸ್ತರ, ಚೀಟಿ ಎತ್ತಸ್ರಿ. ನಮಗ ಇಂಥಾ ಜಾಗಾನ ಬೇಕು ಅನ್ನಂಗಿಲ್ಲ. ಕಡೀಕ ಬಂದ್ರ ಕಡೀಕ ಇರತೇವಿ. ಆದ್ರ ಆ ಚೀಟಿಯೊಳಗ ನಮ್ಮ ಹೆಸರೂ ಇರಲಿ.” ನಾನು, “ಚೀಟಿನ ಎತ್ತೋಣು. ನಾ ಹೇಳತೇನಿ” ಅಂದೆ. ಅವನು ಅದನ್ನು ನಂಬಿದ. ಹೇಳುವಾಗ ನಾನೂ ನಂಬಿದ್ದೆ.

ಪಂಚರಿಗೆ ಹಿರಿಯರು ಗಂಗಯ್ಯನವರು. ಸಭೆಯಲ್ಲಿ ನಾನು ಚೀಟಿಯ ಮಾತು ತೆಗೆದೆ, ತೆಗೆಯಲಿಲ್ಲ ಎನ್ನಲಾರೆ. ಗಂಗಯ್ಯನವರು ಸಿಟ್ಟಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತ, “ನಾಳೆ ನಿಮ್ಮ ಪಡಸಾಲಿ ಗ್ವಾಡಿಗೆ ಯಾರ ಗ್ವಾಡಿ ಹತ್ತತೈತಿ, ವಿಚಾರ ಮಾಡೀರೇನು ಮಾಸ್ತರ? ಮದುವಿಗೆ ಬಂದ ಮಗಳದಾಳ ನಿಮ್ಮ ಮನ್ಯಾಗ” ಅಂದರು. ಆಗ ಗುರವ್ವನಿಗೆ ರಾಮದುರ್ಗದ ಮನೆತನದ ಜೊತೆ ಮಾತುಕತೆ ನಡೆದಿತ್ತು. ನಾನು ಪಂಚರಲ್ಲೇ ಒಬ್ಬನಾದ ಭರಮಪ್ಪನ ಕಡೆ ನೋಡಿದೆ. ಅವನು ಚಾಪೆಯ ಅಂಚು ಕೀಳುತ್ತ ಕೂತಿದ್ದ. “ಹಳೇ ಊರು ಹೆಂಗಿತ್ತೋ ಹಂಗ ತೆಗೀರಿ. ನಿಮ್ಮ ಕೈ ಚೊಲೋ ಐತಿ” ಎಂದು ಗಂಗಯ್ಯನವರು ಕಾಗದದ ಸುರುಳಿಯನ್ನು ನನ್ನ ಮುಂದಿಟ್ಟರು. ಯಾರೂ ಹೆದರಿಸಲಿಲ್ಲ, ಒತ್ತಾಯ ಮಾಡಲಿಲ್ಲ. ನಾನು ಅದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ, ಅಷ್ಟೇ.

ಒಂಬತ್ತು ದಿನ ಕೂತು ತೆಗೆದೆ. ಶಾಲೆಯ ಕಂಪಾಸು ತಂದು, ಗುಡಿಗೆ ಹಳದಿ, ಶಾಲೆಗೆ ಹಸಿರು ಬಣ್ಣ ಹಚ್ಚಿ, ಓಣಿಗಳ ಹೆಸರನ್ನು ದುಂಡಗೆ ಬರೆದೆ. ತೆಗೆಯುವಾಗ ಸುಖವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಹಳೆಯ ಊರಿನಲ್ಲಿ ಅವರ ಓಣಿ ದಕ್ಷಿಣಕ್ಕೆ ಇತ್ತು. ಹೊಸ ಜಾಗದ ದಕ್ಷಿಣಕ್ಕೆ ಒಂದು ಹಳ್ಳವಿದೆ. ಓಣಿಯನ್ನು ಹಳ್ಳದ ಆಚೆಗೆ ಬರೆದೆ. ಈಚೆಗೂ ಜಾಗವಿತ್ತು, ವೀರಪ್ಪ. ಪಟ್ಟಿ ಹಿಡಿದು ಅಳೆದು ನೋಡಿದ್ದೆ. ಹದಿನಾಲ್ಕು ಮನೆ ಸರಿಯಾಗಿ ಹಿಡಿಯುತ್ತಿದ್ದವು. ಅವರವೂ ಹದಿನಾಲ್ಕೇ ಮನೆ.

ನಕ್ಷೆಯನ್ನು ಚಾವಡಿಯ ಹೊರಗೋಡೆಗೆ ಹಚ್ಚಿದರು. ಲಗಮಣ್ಣ ಬಂದು ನೋಡಿದ. ಗೌಂಡಿಗೆ ನಕ್ಷೆ ಓದುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆರಳಿಟ್ಟು ಗುಡಿಯಿಂದ ಬಾವಿಗೆ, ಬಾವಿಯಿಂದ ಹಳ್ಳಕ್ಕೆ ಬಂದ, ಹಳ್ಳ ದಾಟಿ ನಿಲ್ಲಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಆಫೀಸಿನವರು ತೆಗದ್ರೇನ್ರಿ, ಮಾಸ್ತರ?” ಅಂತ ಕೇಳಿದ. ನಾನು “ಹೂಂ” ಅಂದೆ. ನಾನು ಮಾಸ್ತರನಾದ ಮೊದಲ ವರ್ಷ ಒಂದನೇ ಇಯತ್ತೆಯಲ್ಲಿ ಬಾಗಿಲ ಹೊರಗೆ ಕೂತು, ಕರೀಹಲಗೆಯ ಮೇಲಿನ ನನ್ನ ಅಕ್ಷರ ನೋಡಿಯೇ ಬರೆಯಲು ಕಲಿತವನು ಅವನು. ಗೋಡೆಯ ಮೇಲೆ ಇದ್ದದ್ದೂ ಅದೇ ಅಕ್ಷರ. ಬೆರಳನ್ನು ಗೋಡೆಯಿಂದ ತೆಗೆದು, “ಆತ್ರಿ” ಎಂದು ಹೊರಟುಹೋದ.

ಮುಂದಿನ ಯುಗಾದಿಯ ನಂತರ ಊರು ಎದ್ದಿತು. ಜನ ಬಾಗಿಲು, ತೊಲೆ, ಒಳಕಲ್ಲುಗಳನ್ನೆಲ್ಲ ಕಿತ್ತು ಚಕ್ಕಡಿಗೆ ಹೇರಿದರು. ಅಗಸಿ ದಾಟಿ ದಾರಿ ಕವಲೊಡೆಯುವಲ್ಲಿ ನಮ್ಮ ಚಕ್ಕಡಿಗಳು ದಿನ್ನೆಯ ಕಡೆ ಹೊರಳಿದವು. ಲಗಮಣ್ಣನ ಚಕ್ಕಡಿ ನೇಸರಗಿಯ ದಾರಿ ಹಿಡಿಯಿತು. ಅದರ ಹಿಂದೆ ಇನ್ನೂ ಹತ್ತು. ಅವನ ತಾಯಿ ಮರೆವ್ವ ಸಾಮಾನಿನ ಮೇಲೆ ಕೂತಿದ್ದಳು, ಊರಿನ ಕಡೆ ತಿರುಗಿ ನೋಡಲಿಲ್ಲ. ಮೂರು ಮನೆಯವರು ಮಾತ್ರ ಬೇರೆ ದಾರಿ ಕಾಣದೆ ಹಳ್ಳದ ಆಚೆ ಗುಡಿಸಲು ಹಾಕಿದರು. ಹೊಸ ಊರಿನಲ್ಲಿ ಗೋಡೆಗಳು ಎದೆಮಟ್ಟಕ್ಕೆ ಬಂದು ನಿಂತವು. ಗೌಂಡಿಗಳಿಲ್ಲ ಎಂದು ಎಲ್ಲರೂ ಗೊಣಗಿದರು. ನನಗೂ ಮೊದಲು ನೆನಪಾದದ್ದು ಲಗಮಣ್ಣನಲ್ಲ, ನಮ್ಮ ಪಡಸಾಲೆಯ ಗೋಡೆ ಏರಿಸುವವರು ಯಾರು ಎಂಬುದು. ಗುರವ್ವನ ಮದುವೆ ಚೆನ್ನಾಗಿಯೇ ಆಯಿತು. ಅಳಿಯ ಒಳ್ಳೆಯ ಹುಡುಗ. ಅವಳು ತವರಿಗೆ ಬಂದಾಗಲೆಲ್ಲ ಆ ಗೋಡೆಗೆ ಒರಗಿ ಕೂಡುತ್ತಾಳೆ, ನನಗೆ ಅವಳ ಮುಖ ನೋಡುವುದು ಕಷ್ಟವಾಗುತ್ತದೆ.

ನಿನ್ನ ಕಾರ್ಡು ಬಂದ ಮೇಲೆ ತಡೆಯಲಾಗದೆ ಹೋದ ವಾರ ನೇಸರಗಿಗೆ ಹೋದೆ. ಲಗಮಣ್ಣ ಒಂದು ಅಂಗಡಿಯ ಗೋಡೆ ಕಟ್ಟುತ್ತಿದ್ದ. ತಲೆ ಬೆಳ್ಳಗಾಗಿದೆ, ಮೈ ಮಾತ್ರ ಅದೇ ಪೈಲ್ವಾನನ ಮೈ. ನನ್ನನ್ನು ನೋಡಿ ಇಳಿದು ಬಂದು, “ಕುಂದರ್ರಿ ಮಾಸ್ತರ” ಎಂದು ಕಲ್ಲಿನ ಮೇಲೆ ತನ್ನ ಟವೆಲ್ ಹಾಸಿದ. ನಾನು ಕೂಡಲಿಲ್ಲ. “ಆ ನಕ್ಷೆ ನಾ ತೆಗದದ್ದು, ಲಗಮಣ್ಣ” ಅಂದೆ.

“ಗೊತ್ತಿತ್ತರಿ.” ಗೋಡೆಯ ನೇರ ನೋಡುವ ತೂಕದ ಗುಂಡಿನ ದಾರವನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿದ: “ಹಳ್ಳದ ಆಚೀಕ ಇರೂದು ನಮಗೇನ ಹೊಸಾದಲ್ರಿ. ನೀವು ‘ನಾ ತೆಗದೆ, ತಪ್ಪಾತು’ ಅಂದಿದ್ರ ಅಲ್ಲೇ ಇರತಿದ್ನೋ ಏನೋ. ನೀವು ಹೂಂ ಅಂದ್ರಿ. ಅವತ್ತ ನನ್ನ ಮನಸ ಊರು ಬಿಡ್ತು.”

ತಿರುಗಿ ಬಾ ಎಂದು ಕರೆದೆ. “ಇಲ್ಲೇ ಮನಿ ಕಟ್ಟೇನ್ರಿ. ನಮ್ಮವ್ವ ಇದ ಮನ್ಯಾಗ ಕಣ್ಣ ಮುಚ್ಚಿದ್ಲು” ಅಂದ. ಕೈಮುಗಿಯಬೇಕೆಂದುಕೊಂಡೆ. ಯಾರ ಯಾರ ಮುಂದೆಯೋ ಮುಗಿದ ಕೈ, ಅಲ್ಲಿ ಏಳಲಿಲ್ಲ. ಅವನ ಹೆಂಡತಿ ತಾಯವ್ವ ರೊಟ್ಟಿ ಉಂಡು ಹೋಗಿರಿ ಎಂದಳು, ಉಂಡು ಬಂದೆ. ಬಸ್ಸಿನವರೆಗೆ ಬಂದವನು ಉದ್ದಕ್ಕೂ ನಿನ್ನ ಕೆಮ್ಮಿನ ಬಗ್ಗೆಯೇ ಕೇಳಿದ. ನೀನು ಬಂದರೆ ಮೊದಲು ನೇಸರಗಿಯಲ್ಲಿ ಇಳಿಯಬೇಕಂತೆ.

ಹಿರಿಯರ ಮುಂದೆ ಎರಡು ಸಲ ಹಾಗೆ ಮಾಡಿದೆ ನಾನು. ಒಮ್ಮೆ ನಿನಗೆ, ಒಮ್ಮೆ ಅವನಿಗೆ. ಕ್ಷಮಿಸು ಎಂದು ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. ನಿನ್ನ ಮನೆಯವರಿಗೂ ಮಕ್ಕಳಿಗೂ ನಮ್ಮಿಬ್ಬರ ಹರಕೆ. ಎದೆ ಬೆಚ್ಚಗಿಟ್ಟುಕೋ.

ನಿನ್ನ ಅಣ್ಣ,
ನಿಜಗುಣಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಪ್ಪನ ಮನೆಗೆ ಬದಲಾಗಿ ನಮಗೆ ಎರಡು ಜಾಗ ಕೊಟ್ಟಿದ್ದಾರೆ. ಒಂದು ನಿನ್ನ ಹೆಸರಿನದು, ಜಾಲಿ ಬೆಳೆದು ಬಿದ್ದಿದೆ. ಹಳ್ಳದ ಆಚೆ ಉಳಿದ ಮೂರು ಮನೆಗಳಲ್ಲಿ ವಿಧವೆ ರಾಯವ್ವನದೂ ಒಂದು. ಈ ಶ್ರಾವಣದಲ್ಲಿ ಹಳ್ಳ ತುಂಬಿ ಬಂದು ಮೂರು ದಿನ ದಾಟಲಾಗದೆ ರಾಡಿ ನೀರು ಕುಡಿದು, ಅವಳ ಎರಡೂ ಹೆಣ್ಣುಮಕ್ಕಳು ಬದುಕಿದ್ದೇ ಹೆಚ್ಚು. ನಿನ್ನ ಜಾಗವನ್ನು ರಾಯವ್ವನ ಹೆಸರಿಗೆ ಬಿಟ್ಟುಕೊಡುವ ಕಾಗದ ಇದರ ಜೊತೆಗಿದೆ. ನಿನಗೆ ಮನಸ್ಸಿದ್ದರೆ ಮಾತ್ರ ಎರಡು ಕಡೆ ಸಹಿ ಮಾಡಿ ಕಳಿಸು, ಮೂವತ್ತನೇ ತಾರೀಖಿನೊಳಗೆ ಸವದತ್ತಿಯ ಕಚೇರಿಗೆ ಮುಟ್ಟಬೇಕು. ಈ ಸಲ ನಿನ್ನನ್ನು ಕೇಳಿಯೇ ಮಾಡುತ್ತಿದ್ದೇನೆ. ಉಳಿದ ಎರಡು ಮನೆಗಳಿಗೆ ನಮ್ಮ ಹಿತ್ತಲು ಸಾಕಾಗುತ್ತದೆ ಎಂದು ನಿನ್ನ ಅತ್ತಿಗೆಯೇ ಹೇಳಿದಳು. ಗಂಗಯ್ಯನವರಿಗೆ ಇನ್ನೂ ತಿಳಿಸಿಲ್ಲ. ನಿನ್ನ ಸಹಿ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಬೇಡ. ಈ ಕಾಗದವನ್ನು ಡಬ್ಬಿಗೆ ಹಾಕಿ ನೇರ ಅವರ ಮನೆಗೇ ಹೋಗುತ್ತೇನೆ.