ಗೋಡೆಯ ಮೇಲಿನ ಫೋಟೋ ಇಳಿಸುವ ಬಗ್ಗೆ

ಕೋಚ್ ಸರ್ ಅವರಿಗೆ ನಮಸ್ಕಾರ.

ನೀವು ಕಳಿಸಿದ ಅಣ್ಣನ ಬೆಲ್ಟು, ನೋಟ್‌ಬುಕ್ಕು ತಲುಪಿದವು. ಮುಂದಿನ ವಾರ ಎತ್ತಬೇಕಾದ ತೂಕವನ್ನೂ ಬರೆದಿಟ್ಟಿದ್ದಾನೆ. ವಾರಕ್ಕೆ ಎರಡೂವರೆ ಕಿಲೋ ಅಷ್ಟೇ ಏರಿಸುತ್ತಿದ್ದ, ಆತುರಪಟ್ಟವನೇ ಅಲ್ಲ.

ಜಿಮ್ಮಿನ ಗೋಡೆಗೆ ಅವನ ಫೋಟೋ ಹಾಕಿ, ಕೆಳಗೆ ‘ಒಬ್ಬರೇ ಬೆಂಚ್ ಪ್ರೆಸ್ ಮಾಡುವಾಗ ಬಾರ್‌ಗೆ ಕ್ಲಿಪ್ ಹಾಕಬೇಡಿ’ ಎಂದು ಬರೆಸಿದ್ದೀರಂತೆ. ಬರಹ ಇರಲಿ. ಮಲಗಿ ಎತ್ತುವ ಬಾರ್ ಮೈಮೇಲೆ ಬಿದ್ದರೂ, ಪ್ಲೇಟುಗಳನ್ನು ಹಿಡಿದಿಡುವ ಕ್ಲಿಪ್ ಇಲ್ಲದಿದ್ದರೆ ಬಾರ್ ವಾಲಿಸಿ, ಅವನ್ನು ಜಾರಿಸಿ ಬದುಕಿಕೊಳ್ಳಬಹುದು. ಅದನ್ನು ನನಗೆ ಕಲಿಸಿದವನೇ ಅಣ್ಣ. “ತಲೆ ಹತ್ರ ನೀನು ನಿಂತಿದ್ರೆ ಮಾತ್ರ ಕ್ಲಿಪ್ ಹಾಕು, ಇಲ್ಲಾಂದ್ರೆ ಮುಟ್ಬೇಡ” ಅನ್ನುತ್ತಿದ್ದ.

ಫೋಟೋ ಮಾತ್ರ ದಯವಿಟ್ಟು ಗೋಡೆಯಿಂದ ಇಳಿಸಿ. ಅವತ್ತು ಅವನು ಒಬ್ಬನೇ ಇದ್ದ ಎಂದು ಎಲ್ಲರಿಗೂ ಹೇಳಿದವಳು ನಾನು. ಕ್ಲಿಪ್ ಹಾಕಿದವಳೂ ನಾನೇ. ಹಾಕಿದ ಮೇಲೆ ಫೋನ್ ಬಂತು, ಬಾಗಿಲಾಚೆ ಹೋದೆ. ಅವನು ಮಲಗಿ ಚಾವಣಿ ನೋಡುತ್ತಿದ್ದ, ನಾನು ಹೋದದ್ದು ಕಾಣಲಿಲ್ಲ. ಬಾರ್ ಕತ್ತಿನ ಮೇಲೆ ಬಿದ್ದರೆ ಕೂಗಲು ಆಗುವುದಿಲ್ಲ ಸರ್.

ಭಾನುವಾರ ಅಮ್ಮನಿಗೆ ಹೇಳುತ್ತೇನೆ. ಅಲ್ಲಿಯವರೆಗೆ ಮನೆಗೆ ಫೋನ್ ಮಾಡಬೇಡಿ. ಬೆಲ್ಟನ್ನು ವಾಪಸ್ ಕಳಿಸಿದ್ದೇನೆ, ಯಾರಿಗಾದರೂ ಕೊಡಿ.

ಒಂದು ಮಾತನ್ನು ಅಮ್ಮನಿಗೂ ಹೇಳಲಾರೆ, ನಿಮಗೆ ಹೇಳಿಬಿಡುತ್ತೇನೆ. ಬಾರ್ ಎತ್ತುವ ಮುಂಚೆ ಅಣ್ಣ ಯಾವಾಗಲೂ “ಇದ್ದೀಯಾ?” ಎಂದು ಕೇಳುತ್ತಿದ್ದದ್ದು ನಿಮಗೆ ಗೊತ್ತು. ಅವತ್ತೂ ಕೇಳಿದ. ಫೋನನ್ನು ಕಿವಿಯಿಂದ ತೆಗೆಯದೆ, ಬಾಗಿಲಾಚೆಯಿಂದಲೇ “ಇದ್ದೀನಿ” ಅಂದೆ.

ನಿಮ್ಮ ಶಿಷ್ಯನ ತಂಗಿ